ಸನ್ನಿಧಿಯಲ್ಲಿ ನಿಲ್ಲುವ ಅಭ್ಯಾಸ: ನಾನು ದಿನ ನಡೆಸುವ ರೀತಿ

ಚಿನ್ನದ ಕರುವನ್ನು ಮಾಡಿ ಪೂಜಿಸಿದ ಪಾಪವಾದ ಮೇಲೆ ದೇವರು ಇಸ್ರಾಯೇಲ್ಯರಿಗೆ ವಾಗ್ದಾನದ ದೇಶವನ್ನು ನಿರಾಕರಿಸಲಿಲ್ಲ. ದೂತನನ್ನು ಮುಂದೆ ಕಳಿಸುತ್ತೇನೆ, ನಾನು ಮಾತ್ರ ನಿಮ್ಮ ನಡುವೆ ಬರುವುದಿಲ್ಲ ಎಂದ. ಅವರ ನಾಯಕ ಮೋಶೆ ಒಪ್ಪಲಿಲ್ಲ. ನೀನು ಬರದಿದ್ದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇಬೇಡ, ನೀನು ಜೊತೆಗಿದ್ದರಲ್ಲವೇ ನಾವು ನಿನ್ನ ಜನರೆಂದು ಬೇರೆಯವರಿಗೆ ತಿಳಿಯುವುದು ಎಂದು ಹಟ ಹಿಡಿದ (ಬೈಬಲ್ಲಿನ ವಿಮೋಚನಕಾಂಡ 33). ಮುಂದಿನ ಅಧ್ಯಾಯದಲ್ಲಿ ಅವನು 40 ದಿನ ಬೆಟ್ಟದ ಮೇಲಿದ್ದು ಇಳಿದು ಬರುವಾಗ ಮುಖ ಹೊಳೆಯುತ್ತಿತ್ತು. ಅದು ಅವನಿಗೇ ಗೊತ್ತಿರಲಿಲ್ಲ. ನನ್ನ ಅಭ್ಯಾಸವೆಲ್ಲ ನಿಂತಿರುವುದು ಈ ಎರಡು ಅಧ್ಯಾಯಗಳ ಮೇಲೆ. ದೇವರ ಸನ್ನಿಧಿಯಲ್ಲಿ ಇರುವುದು ನನ್ನ ಕೆಲಸ. ಮುಖ ಹೊಳೆಯುತ್ತಿದೆಯೇ ಎಂದು ಕನ್ನಡಿ ನೋಡಿಕೊಳ್ಳುವುದು ನನ್ನ ಕೆಲಸವಲ್ಲ.

ಬೆಳಿಗ್ಗೆ 5:30ರಿಂದ 6ರವರೆಗಿನ ಅರ್ಧ ಗಂಟೆ ಇದಕ್ಕೆ ಮೀಸಲು. ಫೋನು ಹಿಂದಿನ ರಾತ್ರಿಯೇ ಬೇರೆ ಕೋಣೆಗೆ ಹೋಗಿರುತ್ತದೆ, ಏಳಿಸುವುದಕ್ಕೆ ಅಲಾರಂ ಗಡಿಯಾರವಿದೆ. ಸತ್ಯವೇದವನ್ನು (ಬೈಬಲ್) ಪುಸ್ತಕದಲ್ಲೇ ಓದುತ್ತೇನೆ. ಫೋನಿನಲ್ಲಿ ಓದಲು ಕೂತರೆ ಎರಡನೇ ವಚನ ಮುಗಿಯುವಷ್ಟರಲ್ಲಿ ವಾಟ್ಸಾಪ್ ಕರೆಯುತ್ತದೆ. ಮೊದಲ 5 ನಿಮಿಷ ಬೇಡಿಕೆಯಿಲ್ಲ, ಮಾತಿಲ್ಲ, ಸುಮ್ಮನೆ ಕೂರುವುದು. ನಂತರ 15 ನಿಮಿಷ ಸತ್ಯವೇದದ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳು, ತುಟಿ ಅಲ್ಲಾಡುವಷ್ಟು ದನಿಯಲ್ಲಿ. ದಿನಕ್ಕೆ ಐದರಂತೆ ಓದಿದರೆ 150 ಕೀರ್ತನೆಗಳು 30 ದಿನಕ್ಕೆ ಮುಗಿಯುತ್ತವೆ. 24ನೇ ದಿನ ಬರುವ 119ನೇ ಕೀರ್ತನೆಗೆ 176 ವಚನ, ಬಹಳಷ್ಟು ಜನ ಓದು ಬಿಡುವುದು ಅಲ್ಲಿಯೇ. ಅದರಲ್ಲಿ 8 ವಚನಗಳ 22 ಭಾಗಗಳಿವೆ. ಅದನ್ನು ಬೆಳಗಿನ ಲೆಕ್ಕದಿಂದ ತೆಗೆದು, ರಾತ್ರಿಗೊಂದು ಭಾಗದಂತೆ ಓದಿದರೆ ಭಾರವೆನಿಸುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ದಿನಕ್ಕೆ 10 ನಿಮಿಷ, ಒಂದೇ ಕೀರ್ತನೆ ಸಾಕು.

ಗೋಳಿನ ಕೀರ್ತನೆಗಳನ್ನು ಹಾರಿಸಬಾರದು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಸಭೆಯಲ್ಲಿ (ಚರ್ಚಿನಲ್ಲಿ) ಯಾವಾಗಲೂ "ದೇವರ ದಯೆ, ಎಲ್ಲಾ ಚೆನ್ನಾಗಿದೆ" ಎನ್ನುವುದನ್ನೇ ರೂಢಿ ಮಾಡಿಕೊಂಡವರಿಗೆ ಇದು ಬೇಕೇ ಬೇಕು. ನೋವನ್ನು ದೇವರ ಮುಂದೆ ಹೇಳಿಕೊಳ್ಳದವರು ಅದನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಾರೆ.

ಉಳಿದ 10 ನಿಮಿಷ ನೋಟ್‌ಬುಕ್ಕಿಗೆ. ಈ ದಿನ ನಾನು ಜಾರಬಹುದಾದ ಮೂರು ಜಾಗಗಳನ್ನು ಬರೆದುಕೊಳ್ಳುತ್ತೇನೆ: ಒಂದು ಮೀಟಿಂಗ್, ಒಂದು ಫೋನ್ ಕರೆ, ಒಬ್ಬ ವ್ಯಕ್ತಿ. ಒಂದೊಂದಕ್ಕೂ ಒಂದೇ ಸಾಲಿನ ಬೇಡಿಕೆ. "ಇವತ್ತು ನನ್ನನ್ನು ಆಶೀರ್ವದಿಸು" ಎಂದು ಬರೆದರೆ ಸಂಜೆ ಉತ್ತರ ಸಿಕ್ಕಿತೋ ಇಲ್ಲವೋ ತಿಳಿಯುವುದೇ ಇಲ್ಲ. "11 ಗಂಟೆಯ ಮಾತುಕತೆಯಲ್ಲಿ ದನಿ ಏರದ ಹಾಗೆ ನನ್ನ ನಾಲಿಗೆಯನ್ನು ಹಿಡಿ" ಎಂದು ಬರೆದರೆ ತಿಳಿಯುತ್ತದೆ.

ಹಗಲಿನಲ್ಲಿ, ಪರ್ಷಿಯದ ಅರಸನ ಪಾನಸೇವಕನಾಗಿದ್ದ ಯೆಹೂದ್ಯ ನೆಹೆಮೀಯ ಮಾಡಿದ್ದನ್ನು ಮಾಡುತ್ತೇನೆ. ನಿನಗೇನು ಬೇಕು ಎಂದು ಅರಸ ಕೇಳಿದ ಮಾತಿಗೂ ತಾನು ಕೊಟ್ಟ ಉತ್ತರಕ್ಕೂ ನಡುವೆ ಅವನು ಪ್ರಾರ್ಥಿಸಿದ (ನೆಹೆಮೀಯ 2:4). ಒಂದು ಉಸಿರಿನಷ್ಟೇ ಹೊತ್ತು. ಈ ಚಿಕ್ಕ ಪ್ರಾರ್ಥನೆಯನ್ನು ದಿನವೂ ಎದುರಾಗುವ ಯಾವುದಾದರೂ ಕ್ರಿಯೆಗೆ ಗಂಟು ಹಾಕಬೇಕು: ಫೋನು ಎತ್ತುವ ಮುಂಚೆ, ಒಲೆ ಹಚ್ಚುವಾಗ, ಸಿಗ್ನಲ್‌ನಲ್ಲಿ ನಿಂತಾಗ. "ಕರ್ತನೇ, ಇಲ್ಲಿಯೂ ಇದ್ದೀ" ಎಂಬಷ್ಟು ಸಾಕು. ಆದರೆ ಎಡವಟ್ಟಾಗುವುದೂ ಇಲ್ಲೇ. ಉಸಿರಿನಷ್ಟು ಪ್ರಾರ್ಥನೆಯೇ ಸಾಕೆಂದು ಬೆಳಗಿನ ಅರ್ಧ ಗಂಟೆಯನ್ನು ಬಿಟ್ಟರೆ ಎರಡು ವಾರದೊಳಗೆ ಎರಡೂ ನಿಂತುಹೋಗುತ್ತವೆ. ನೆಹೆಮೀಯನ ಆ ಒಂದು ಕ್ಷಣದ ಹಿಂದೆ ಯೆಹೂದ್ಯರ ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳ ಉಪವಾಸ, ಅಳು, ಬೇಡಿಕೆ ಇತ್ತು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನವೂ ಹಾಗೆಯೇ. ತಲೆಗೆ ಒಂದು ಓಮೆರ್ ಅಳತೆ, ಆ ದಿನಕ್ಕಷ್ಟೇ. ಮರುದಿನಕ್ಕೆ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಹೋದ ವರ್ಷದ ಸಮ್ಮೇಳನದಲ್ಲಿ ಸಿಕ್ಕ ಅನುಭವದ ಮೇಲೆ ಈ ವರ್ಷ ದೂಡಲಾಗುವುದಿಲ್ಲ.

ಬೇರೆಯವರ ಕಣ್ಣಿಗೆ ಬೀಳುವುದು ಯಾವುದು? ಕಾರಿನ ಗಾಜಿನ ಮೇಲಿನ ವಚನವಲ್ಲ, ಬೆಳಗಿನ ಸ್ಟೇಟಸ್ಸೂ ಅಲ್ಲ. ಮನೆಗೆಲಸದವರ ಸಂಬಳ ಯಾವ ತಾರೀಖಿಗೆ ಕೈ ಸೇರುತ್ತದೆ ಎಂಬುದು ಬೀಳುತ್ತದೆ. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವ ತನಕ ನಿನ್ನಲ್ಲಿ ಉಳಿಯಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಒಂದನೇ ತಾರೀಖಿನ ಮೊದಲ ಖರ್ಚು ಅದೇ, ಸಭೆಯ ಕಾಣಿಕೆಗಿಂತಲೂ ಮೊದಲು. ಇದನ್ನು ಒಪ್ಪದ ಹಿರಿಯರಿದ್ದಾರೆ. ನಾನು ಇದನ್ನು ಬಿಟ್ಟುಕೊಡುವುದಿಲ್ಲ.

ಎರಡನೆಯದು ಕ್ಷಮೆ ಕೇಳುವ ರೀತಿ. ರಾತ್ರಿ 10 ನಿಮಿಷ ದಿನವನ್ನು ಹಿಂದಕ್ಕೆ ತಿರುವಿ ನೋಡಿ, ಯಾರ ಮನಸ್ಸು ನೋಯಿಸಿದೆ ಎಂದು ಬರೆದಿಡುತ್ತೇನೆ. ಮನೆಯವರಾದರೆ ಮಲಗುವ ಮುಂಚೆಯೇ, ಹೊರಗಿನವರಾದರೆ ಮರುದಿನ ಮಧ್ಯಾಹ್ನದೊಳಗೆ ಹೋಗಿ ಕೇಳುವುದು. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಎನ್ನುವುದು ಕ್ಷಮೆಯಲ್ಲ, ಅದರಲ್ಲಿ ತಪ್ಪಿನ ಹೆಸರೇ ಇಲ್ಲ. "ನಿನ್ನೆ ಎಲ್ಲರೆದುರು ನಿಮ್ಮ ಮಾತನ್ನು ಕತ್ತರಿಸಿದೆ, ಅದು ತಪ್ಪು, ಕ್ಷಮಿಸಿ." ಅಷ್ಟೇ. "ಆದರೆ" ಎಂಬ ಪದ ಬಾಯಿಗೆ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಮಕ್ಕಳ ಬಳಿ ಹೀಗೆ ಕೇಳುವುದು ಎಲ್ಲಕ್ಕಿಂತ ಕಷ್ಟ. ಅವರು ನಮ್ಮನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುತ್ತಿರುವುದರಿಂದಲೇ ಅದು ಎಲ್ಲಕ್ಕಿಂತ ಅಗತ್ಯ.

ನಿಮಗೆ ಇಂಥ ನೆಮ್ಮದಿ ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಎರಡು ನಿಮಿಷದಲ್ಲಿ ಉತ್ತರಿಸುತ್ತೇನೆ. ಕೇಳಿದವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಿ ಎಂದು ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು (1 ಪೇತ್ರ 3:15), ಅವರ ನಂಬಿಕೆಯನ್ನು ಹಳಿಯಿರಿ ಎಂದಲ್ಲ.

ಆಸ್ಪತ್ರೆಗೆ ಹೋದಾಗ ಕಟ್ಟುನಿಟ್ಟು ಇನ್ನೂ ಹೆಚ್ಚು. ಒಟ್ಟು 10 ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ. ರೋಗಿ ಕತ್ತು ತಿರುಗಿಸದೆ ಕಾಣುವ ಕಡೆ ನಿಲ್ಲುತ್ತೇನೆ. "ನಿಮಗಾಗಿ ಪ್ರಾರ್ಥನೆ ಮಾಡಲೇ?" ಎಂದು ಕೇಳಿ, ಬೇಡ ಎಂದರೆ ಮುಖ ಸಪ್ಪಗೆ ಮಾಡಿಕೊಳ್ಳದೆ ಬೇರೆ ಮಾತಿಗೆ ಹೊರಳುತ್ತೇನೆ. ಆಗಲಿ ಎಂದರೆ 23ನೇ ಕೀರ್ತನೆ, ಆರೇ ವಚನ, ಪಕ್ಕದ ಹಾಸಿಗೆಗೆ ಕೇಳಿಸದ ದನಿಯಲ್ಲಿ. ಖಂಡಿತ ಗುಣವಾಗುತ್ತದೆ ಎಂದು ದೇವರ ಹೆಸರಿನಲ್ಲಿ ಮಾತು ಕೊಡುವುದಿಲ್ಲ, ಔಷಧಿ ಬಿಡಿ ಎಂದು ಯಾರಾದರೂ ಹೇಳಿದ್ದರೆ ಬಿಡಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆದು, ವಾರದೊಳಗೆ ಫೋನು ಮಾಡುತ್ತೇನೆ. ಆಗ ಪ್ರಾರ್ಥನೆಯ ಮಾತು ನಾನಾಗಿ ಎತ್ತುವುದಿಲ್ಲ. ಊಟ ಸೇರುತ್ತಿದೆಯೇ, ರಾತ್ರಿ ನಿದ್ದೆ ಬರುತ್ತಿದೆಯೇ ಎಂದಷ್ಟೇ ವಿಚಾರಿಸುತ್ತೇನೆ.