ಆಟಿಯಲ್ಲಿ ಫಲೆನೋಪ್ಸಿಸ್ ಸ್ಪೈಕ್ ಬರಿಸಿದ್ದು: ನನ್ನ ಅನುಭವ

ಮಂಗಳೂರಿನ ಸೆಕೆಗೆ ಫಲೆನೋಪ್ಸಿಸ್ ಎಂಬ ಆರ್ಕಿಡ್ ಎರಡನೇ ಸಲ ಹೂ ಬಿಡುವುದಿಲ್ಲ ಎನ್ನುವುದು ಇಲ್ಲಿ ಆರ್ಕಿಡ್ ಬೆಳೆಸುವವರಲ್ಲಿ ಇತ್ಯರ್ಥವಾದ ಮಾತು. ಡೆಂಡ್ರೋಬಿಯಂ, ಮೊಕಾರಾದಂಥ ಬೇರೆ ಆರ್ಕಿಡ್‌ಗಳು ಅಂಗಳದಲ್ಲೇ ಹೂ ಕೊಡುವಾಗ ಇದರ ಹಿಂದೆ ಯಾಕೆ ಬೀಳುತ್ತೀರಿ ಎಂದು ಕೇಳಿದವರೂ ಇದ್ದಾರೆ. ಕಳೆದ ವರ್ಷ ನನ್ನ ಆರು ಗಿಡಗಳಲ್ಲಿ ಐದು ಸ್ಪೈಕ್ (ಹೂ ಬಿಡುವ ದಂಟು) ಬಿಟ್ಟವು, ಒಂದರಲ್ಲಿ ಎರಡು. ಮೊದಲ ಹೂ ನವೆಂಬರ್ ಕೊನೆಗೆ ಅರಳಿತು, ಕೊನೆಯದು ಉದುರಿದ್ದು ಫೆಬ್ರವರಿಯಲ್ಲಿ.

ಮೊದಲು ನಾನೂ ಎಲ್ಲರಂತೆ ಚಳಿಗಾಲಕ್ಕೆ ಕಾದೆ. ಡಿಸೆಂಬರ್, ಜನವರಿ ರಾತ್ರಿ 21 ಡಿಗ್ರಿಗೆ ಇಳಿಯುತ್ತದಲ್ಲ, ಸಾಕು ಎಂದುಕೊಂಡೆ. ಎರಡು ಚಳಿಗಾಲ ಕಳೆದರೂ ಎಲೆ, ಬೇರು ಬಿಟ್ಟರೆ ಬೇರೇನೂ ಬರಲಿಲ್ಲ. ಮೂರನೇ ವರ್ಷ ರಾತ್ರಿಯೆಲ್ಲ ಎಸಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಜಗಲಿಗೆ ತಂದೆ. ಎರಡು ತಿಂಗಳಿಗೆ ಕರೆಂಟ್ ಬಿಲ್ಲಿಗೆ ಎರಡೂವರೆ ಸಾವಿರ ಹೆಚ್ಚುವರಿ ಸೇರಿತು, ಸ್ಪೈಕ್ ಮಾತ್ರ ಒಂದೂ ಇಲ್ಲ. ತಪ್ಪು ಎಲ್ಲಿತ್ತೆಂದರೆ, ಈ ಗಿಡವನ್ನು ತಡೆಯುವುದು ಹಗಲಿನ ಬಿಸಿ. ಹಗಲು 29 ದಾಟುತ್ತಿದ್ದರೆ ರಾತ್ರಿ 17ಕ್ಕೆ ಇಳಿಸಿದರೂ ಅದು ಸ್ಪೈಕ್ ಹಾಕುವುದಿಲ್ಲ. ನಮ್ಮ ಜನವರಿಯ ಹಗಲು 32–33.

ಮುನ್ನೂರು ರೂಪಾಯಿಯ ಒಂದು ಮ್ಯಾಕ್ಸ್-ಮಿನ್ ಥರ್ಮಾಮೀಟರ್ ತಂದು ವರ್ಷವಿಡೀ ಬರೆದಿಟ್ಟ ಮೇಲೆ ವಿಷಯ ಕಣ್ಣಿಗೆ ಬಿತ್ತು. ನಮ್ಮ ಕರಾವಳಿಯಲ್ಲಿ ತಣ್ಣಗಿನ ಹಗಲು ಇರುವುದು ತುಳುವಿನ ಆಟಿ ತಿಂಗಳಲ್ಲಿ. ಜುಲೈ–ಆಗಸ್ಟಿನಲ್ಲಿ ಮಳೆ ಹಿಡಿದು ಸುರಿಯುವ ದಿನಗಳಲ್ಲಿ ಉತ್ತರ ದಿಕ್ಕಿನ ಕೋಣೆ ಮಧ್ಯಾಹ್ನವೂ 25–26 ದಾಟುವುದಿಲ್ಲ. ಗಿಡಕ್ಕೆ ಬೇಕಾದ ಐದಾರು ವಾರ ಇಲ್ಲೇ ಸಿಗುತ್ತದೆ. ಪುಸ್ತಕದ ಚಳಿಗಾಲ ನಮಗಲ್ಲ.

ಆದರೆ ಆಟಿಯಲ್ಲಿ ಬೆಳಕಿಲ್ಲ. ಕತ್ತಲಿದ್ದರೆ ತಂಪಿದ್ದೂ ಪ್ರಯೋಜನವಿಲ್ಲ. ಮೊದಲ ಸಲ 20 ವ್ಯಾಟಿನ ಎರಡು ಎಲ್ಇಡಿ ಬ್ಯಾಟನ್ ಹಾಕಿದೆ. ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್ ಎಲೆಯ ಮಟ್ಟದಲ್ಲಿ ಸುಮಾರು ನಾಲ್ಕು ಸಾವಿರ ತೋರಿಸಿತು. ಏನೂ ಆಗಲಿಲ್ಲ. ಮರುವರ್ಷ ನಾಲ್ಕು ಬ್ಯಾಟನ್, ಎಲೆಯಿಂದ ಒಂದಡಿ ಮೇಲೆ, ಮೂರು ಬದಿಗೂ ಬಿಳಿ ಥರ್ಮಾಕೋಲ್ ಹಲಗೆ. ಎಂಟೊಂಬತ್ತು ಸಾವಿರ ಲಕ್ಸ್ ಬಂತು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಟೈಮರಿನಲ್ಲಿ. ಬ್ಯಾಟನ್ನಿನ ಬಿಸಿ ಕೆಳಗೆ ನಿಲ್ಲದಂತೆ ಸಣ್ಣ ಫ್ಯಾನ್ ಬೇಕೇ ಬೇಕು. ಥರ್ಮಾಮೀಟರ್ ಗೋಡೆಯಲ್ಲಿ ತೂಗುಹಾಕಬೇಡಿ, ಎಲೆಯ ಪಕ್ಕದಲ್ಲೇ ಇಡಿ. ನನ್ನಲ್ಲಿ ಎರಡಕ್ಕೂ ಎರಡು ಡಿಗ್ರಿ ವ್ಯತ್ಯಾಸವಿತ್ತು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಮಾತ್ರ ಹನ್ನೊಂದರಿಂದ ನಾಲ್ಕರವರೆಗೆ ಎಸಿ 24ರಲ್ಲಿ, ಗಾಳಿ ನೇರ ಗಿಡಕ್ಕೆ ಬಡಿಯದಂತೆ. ಅಂಥ ದಿನಗಳು ಇಪ್ಪತ್ತೋ ಇಪ್ಪತ್ತೆರಡೋ ಇದ್ದವು.

ಇಷ್ಟಕ್ಕೆ ಮುಂಚೆ ಬೇರು ಉಳಿದಿರಬೇಕು. ನರ್ಸರಿಯಿಂದ ಪಾಚಿಯಲ್ಲಿ ಬಿಗಿಯಾಗಿ ಸುತ್ತಿ ಬರುವ ಗಿಡವನ್ನು ಹಾಗೇ ಮಳೆಗಾಲಕ್ಕೆ ಬಿಟ್ಟರೆ ಸೋಣ ತಿಂಗಳಿಗೆ (ಆಗಸ್ಟ್–ಸೆಪ್ಟೆಂಬರ್) ಬೇರು ಕೊಳೆತು ಹೋಗಿರುತ್ತದೆ. ಒಂದೊಂದಕ್ಕೆ ಆರುನೂರರಿಂದ ಒಂಬೈನೂರು ಕೊಟ್ಟ ಏಳು ಗಿಡ ಹೀಗೇ ಕಳೆದುಕೊಂಡೆ. ಈಗ ಏಪ್ರಿಲಿನಲ್ಲೇ ಪಾಚಿ ಪೂರ್ತಿ ತೆಗೆದು, ಅರ್ಧ ಇದ್ದಿಲು, ಅರ್ಧ ಹಂಚಿನ ಚೂರಿಗೆ ಹಾಕುತ್ತೇನೆ. ಹಳೆಯ ಮಂಗಳೂರು ಹಂಚನ್ನು ಹೆಬ್ಬೆರಳ ತುದಿಯಷ್ಟಕ್ಕೆ ಒಡೆದರೆ ಇದಕ್ಕಿಂತ ಒಳ್ಳೆಯ ಮಾಧ್ಯಮ ದುಡ್ಡು ಕೊಟ್ಟರೂ ಸಿಗದು. ತೆಂಗಿನ ಸಿಪ್ಪೆ ನಮ್ಮ ತೇವಕ್ಕೆ ಬೇಡ. ಗಿಡ ಸ್ವಲ್ಪ ಓರೆಯಾಗಿ ಕೂರಲಿ, ಸುಳಿಯಲ್ಲಿ ನೀರು ನಿಲ್ಲಬಾರದು. ನಿಂತರೆ ಎರಡೇ ರಾತ್ರಿಯಲ್ಲಿ ಸುಳಿ ಕರಗುತ್ತದೆ. ಎಲೆಯಲ್ಲಿ ಕೊಳೆ ಕಂಡರೆ ಆರೋಗ್ಯದ ಭಾಗದವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ. ಪುಡಿ ಬೇರಿಗೆ ತಾಗಬಾರದು, ಬೇರು ಒಣಗುತ್ತದೆ.

ಸ್ಪೈಕ್ ಕಂಡದ್ದು ಆಗಸ್ಟ್ ಮೂರನೇ ವಾರ. ಅವತ್ತಿನಿಂದ ಶತ್ರು ಗೊಂಡೆಹುಳು, ಬಸವನಹುಳು. ಒಂದಿಂಚಿನ ಎಳೆ ತುದಿಯನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತವೆ. ಸ್ಪೈಕಿನ ಬುಡಕ್ಕೆ ಹತ್ತಿ ಸಡಿಲವಾಗಿ ಸುತ್ತಿ, ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಹೆಕ್ಕುವುದೇ ಉಪಾಯ.

ಅದಕ್ಕೂ ಹಿಂದಿನ ವರ್ಷ ಹೀಗೂ ಆಗಿತ್ತು: ಬಂದ ಮೂರು ಸ್ಪೈಕುಗಳಲ್ಲಿ ಎರಡು ಮೊಗ್ಗಿನ ಬದಲು ಕೀಕಿ (ಸ್ಪೈಕಿನ ಮೇಲೆಯೇ ಹುಟ್ಟುವ ಮರಿಗಿಡ) ಕೊಟ್ಟವು. ಬೆರಳುದ್ದ ಆದದ್ದೇ ಸಂತೋಷಕ್ಕೆ ಪಡುವಣ ಜಗಲಿಗೆ ತಂದು ಇಟ್ಟಿದ್ದೆ. ಸೆಪ್ಟೆಂಬರಿನ ಬಿಸಿಲಿಗೆ ಅವು ಮರಿಗಿಡದ ಕಡೆಗೆ ತಿರುಗಿಬಿಟ್ಟವು. ಈಗ ಮೊಗ್ಗು ಕಡಲೆಕಾಳಿನಷ್ಟು ಆಗುವವರೆಗೆ ತಂಪು ಕೋಣೆಯಿಂದ ಕದಲಿಸುವುದಿಲ್ಲ, ಕುಂಡದ ದಿಕ್ಕನ್ನೂ ತಿರುಗಿಸುವುದಿಲ್ಲ. ಕದಲಿಸಿದ ಮೇಲೂ ಬಾಳೆಗೊನೆ ತೂಗುಹಾಕಿದ ಕೋಣೆಯಲ್ಲಿ ಇಡಬೇಡಿ. ಹಣ್ಣಾಗುವ ಬಾಳೆಯ ಎಥಿಲೀನಿಗೆ ಮೊಗ್ಗು ಹಳದಿಯಾಗಿ ಉದುರುತ್ತದೆ.

ಗೊಬ್ಬರದ ಬಗ್ಗೆ ಬಹಳ ವಾದ ನಡೆಯುತ್ತದೆ. ರಂಜಕ ಹೆಚ್ಚಿರುವ 13:40:13 ಮೂರು ಗಿಡಕ್ಕೆ, ಸಮಪ್ರಮಾಣದ 19:19:19 ಮೂರಕ್ಕೆ ಹಾಕಿ ನೋಡಿದೆ, ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಎರಡೂ ಗುಂಪಿನಲ್ಲಿ ಸ್ಪೈಕ್ ಅದೇ ವಾರ ಕಂಡವು, ವ್ಯತ್ಯಾಸವಿಲ್ಲ. ಹೂ ಬರಿಸುವ ಗೊಬ್ಬರ ಎಂದು ದುಬಾರಿ ಡಬ್ಬಿ ಕೊಳ್ಳುವುದು ದಂಡ. ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನ್ ಕೂಡ ಒಂದು ಗಿಡಕ್ಕೆ ಸಿಂಪಡಿಸಿದ್ದೆ. ಹೂವೇನೋ ಬಂತು, ದಳ ಸೊಟ್ಟಗೆ. ಮತ್ತೆ ಮುಟ್ಟಿಲ್ಲ. ಒಂದೇ ಗಿಡದಲ್ಲಿ ಎರಡು ಸ್ಪೈಕ್ ಬಂದದ್ದಕ್ಕೆ ಬಿಎಪಿ (ಇದೂ ಒಂದು ಸಸ್ಯ ಹಾರ್ಮೋನ್) ಪೇಸ್ಟ್ ಕಾರಣ. ಅದರ ಪ್ರಮಾಣ, ಹಚ್ಚುವ ದಿನ ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೊಂದು ಮಳೆಗಾಲ ಪರೀಕ್ಷೆಯಾಗಬೇಕು.

ಖರ್ಚು: ಬ್ಯಾಟನ್, ಟೈಮರ್, ಫ್ಯಾನ್ ಸೇರಿ ಎರಡು ಸಾವಿರದ ಆಸುಪಾಸು, ಒಂದೇ ಸಲದ್ದು. ದೀಪಕ್ಕೆ ಎರಡು ತಿಂಗಳಿಗೆ ಅರವತ್ತು ಯೂನಿಟ್, ಎಸಿಗೆ ತೊಂಬತ್ತು ಇದ್ದೀತು. ಒಟ್ಟು ಬಿಲ್ ಸಾವಿರ ರೂಪಾಯಿ ಚಿಲ್ಲರೆ. ಹೊಸ ಹೂಗಿಡ ಎರಡು ಕೊಂಡರೆ ಇದಕ್ಕಿಂತ ಹೆಚ್ಚಾಗುತ್ತದೆ.

ಸ್ಪೈಕ್ ಬಿಡದ ಆರನೆಯದಕ್ಕೆ ಇದ್ದದ್ದು ಮೂರೇ ಎಲೆ. ಈ ಸಲ ಐದಾಗಿದೆ, ಜೂನ್ ಕೊನೆಗೆ ಅದನ್ನೂ ದೀಪದಡಿ ಸೇರಿಸುತ್ತೇನೆ. ಎಸಿ ಇಲ್ಲದವರು ಫಲೆನೋಪ್ಸಿಸ್‌ನಲ್ಲೇ ಬೆಲ್ಲಿನಾ ಅಥವಾ ವಯೊಲೇಸಿಯ ಹುಡುಕಿ ತನ್ನಿ. ಅವು ಸೆಕೆಯಲ್ಲೇ ಹೂ ಬಿಡುವ ಜಾತಿ, ಸುವಾಸನೆಯೂ ಇದೆ. ಹೂ ಮುಗಿಯಿತೆಂದು ಅವುಗಳ ಹಸಿರು ಸ್ಪೈಕ್ ಮಾತ್ರ ಕತ್ತರಿಸಬೇಡಿ, ಅದೇ ತುದಿಯಲ್ಲಿ ಮತ್ತೆ ಮೊಗ್ಗು ಬರುತ್ತದೆ.