ದಾಳಿಂಬೆ ಕಡ್ಡಿಗೆ ಐಬಿಎ: ಕರಗಿಸುವುದು, ಅದ್ದುವುದು, ನೆಡುವುದು

ದಾಳಿಂಬೆ ತೋಟದಲ್ಲಿ ಚಾಟ್ನಿ (ಕೊಂಬೆ ಸವರುವುದು) ಮಾಡಿದಾಗ ಬೀಳುವ ಕಡ್ಡಿಗಳಿಂದಲೇ ಸಸಿ ಮಾಡಿಕೊಳ್ಳಬಹುದು. ಇಂಡೋಲ್ ಬ್ಯೂಟಿರಿಕ್ ಆಸಿಡ್, ಅಂದರೆ ಐಬಿಎ ಹಚ್ಚಿದರೆ ಬೇರು ಬೇಗ ಬರುತ್ತದೆ, ಹೆಚ್ಚೂ ಬರುತ್ತದೆ. ಹೊಸದುರ್ಗ, ಹಿರಿಯೂರು ಕಡೆಯ ಬೆಳೆಗಾರರಿಗೆ ಇದರ ಹೆಸರು ಹೊಸದಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಕರಗಿಸುವ ಹಂತದಲ್ಲಿ.

ಗಿಡ ತಾನೇ ತಯಾರಿಸುವ ಹಾರ್ಮೋನು ಇಂಡೋಲ್ ಅಸಿಟಿಕ್ ಆಸಿಡ್ ಬೆಳಕಿಗೂ ಕಿಣ್ವಗಳಿಗೂ ಬೇಗ ಒಡೆಯುತ್ತದೆ. ಐಬಿಎ ಅಷ್ಟು ಬೇಗ ಒಡೆಯದು. ಗಿಡ ಅದನ್ನು ನಿಧಾನವಾಗಿ ಆ ಹಾರ್ಮೋನಾಗಿ ಬದಲಿಸಿಕೊಳ್ಳುತ್ತದೆ. ಬೇರು ಬರಿಸಲು ಇದನ್ನೇ ಆರಿಸುವುದು ಅದಕ್ಕೇ.

ಐಬಿಎಯ ಬಿಳಿ ಪುಡಿ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ನೇರ ನೀರಿಗೆ ಸುರಿದರೆ ತೇಲುತ್ತದೆ, ಇಲ್ಲವೇ ತಳ ಸೇರುತ್ತದೆ. ಕಡ್ಡಿಗೆ ಸಿಗುವುದು ಬರೀ ನೀರು. ಒಂದು ಗ್ರಾಂನ ಬಾಟಲಿ ಕೊಂಡರೆ ತೂಕದ ತಾಪತ್ರಯವಿಲ್ಲ. ಅಷ್ಟನ್ನೂ 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಕರಗಿಸಿ. ಆಮೇಲೆ ಕಲಕುತ್ತಾ ಡಿಸ್ಟಿಲ್ಡ್ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಅಳತೆ ಜಾಡಿಯ 400 ಮಿಲಿ ಗೆರೆ ಮುಟ್ಟಿಸಿ. 200 ಮಿಲಿ ನೀರು ಅಳೆದು ಸುರಿದರೆ ಸಾಲದು: ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಪ್ರಮಾಣ ಸ್ವಲ್ಪ ಕುಗ್ಗುತ್ತದೆ. ಈಗ ಸಿಕ್ಕಿದ್ದು 2500 ಪಿಪಿಎಂ ದ್ರಾವಣ, ಅಂದರೆ ಲೀಟರಿಗೆ 2500 ಮಿಲಿಗ್ರಾಂ. ಹಾಲಿನಂತೆ ಮಬ್ಬಾದರೆ ಪುಡಿ ಹೊರಬರುತ್ತಿದೆ ಎಂದರ್ಥ, ಅಂಥದ್ದನ್ನು ಬಳಸಬೇಡಿ. ಬೋರ್‌ವೆಲ್ ನೀರು ಬೇಡ. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ ಬೀಡಿ ದೂರವಿರಲಿ. ಕೈಗೆ ಗ್ಲೌಸ್ ಇರಲಿ.

ಕಡ್ಡಿ ಪೆನ್ಸಿಲ್ ದಪ್ಪ, 20ರಿಂದ 25 ಸೆಂ.ಮೀ. ಉದ್ದ, ಬಲಿತದ್ದಾಗಿರಲಿ. ಬುಡವನ್ನು ಗೆಣ್ಣಿನ ಕೆಳಗೆ ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸಿ. ಹಾರ್ಮೋನು ಹರಿಯುವುದು ತುದಿಯಿಂದ ಬುಡಕ್ಕೆ. ತಲೆಕೆಳಗಾಗಿ ನೆಟ್ಟ ಕಡ್ಡಿ ಸೋಲುತ್ತದೆ. ಓರೆ ಕತ್ತರಿಕೆ ಈ ಗೊಂದಲ ತಪ್ಪಿಸುತ್ತದೆ.

ಬುಡದ ಎರಡು ಸೆಂ.ಮೀ. ಮಾತ್ರ ಹತ್ತು ಸೆಕೆಂಡು ಅದ್ದಿ, ಆಲ್ಕೋಹಾಲ್ ಆರಲು ಒಂದೆರಡು ನಿಮಿಷ ಬಿಡಿ. ರಾತ್ರಿಯಿಡೀ ನೆನೆಸಿದರೆ ಇನ್ನೂ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಇಷ್ಟು ಗಾಢ ದ್ರಾವಣದಲ್ಲಿ ಹಾಗೆ ಮಾಡಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ, ಮೊಗ್ಗೂ ಒಡೆಯದು. ಬೇಕಾದಷ್ಟನ್ನೇ ಬಟ್ಟಲಿಗೆ ಬಗ್ಗಿಸಿಕೊಳ್ಳಿ, ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬೇಡಿ. ತೆರೆದಿಟ್ಟರೆ ಆಲ್ಕೋಹಾಲ್ ಆರಿ ಅಳತೆಯೇ ಬದಲಾಗುತ್ತದೆ.

ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ, ತಳದಲ್ಲಿ ತೂತಿರುವ ಚೀಲಕ್ಕೆ ತುಂಬಿ. ಮೊದಲು ಬೇರೊಂದು ಕೋಲಿನಿಂದ ಗುಳಿ ಮಾಡಿ ಕಡ್ಡಿ ಇಳಿಸಿ. ನೇರ ಚುಚ್ಚಿದರೆ ಹಚ್ಚಿದ್ದೆಲ್ಲ ಮಣ್ಣಿಗೆ ಉಜ್ಜಿಹೋಗುತ್ತದೆ. ಚಿತ್ರದುರ್ಗದ ಒಣಗಾಳಿಗೆ ನೆರಳು ಬಲೆಯಷ್ಟೇ ಸಾಲದು, ಗಾಳಿ ಬೀಸುವ ಬದಿಗೂ ಮರೆ ಕಟ್ಟಿ.

ಮೊದಲು ಬರುವ ಚಿಗುರನ್ನು ನಂಬಬೇಡಿ. ಅದು ಕಡ್ಡಿಯೊಳಗಿನ ಆಹಾರದಿಂದ ಬಂದದ್ದು, ಬೇರಿಲ್ಲದೆಯೂ ಬರುತ್ತದೆ. ಆಗ ಎಳೆದು ನೋಡಿದರೆ ಎಳೆ ಬೇರು ಕಿತ್ತುಹೋಗುತ್ತದೆ. ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕುವವರೆಗೆ ಕಾಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಯಿಗಿಡದ ಆಯ್ಕೆ. ದುಂಡಾಣು ಅಂಗಮಾರಿ (ಬ್ಯಾಕ್ಟೀರಿಯಾದಿಂದ ಬರುವ ರೋಗ) ತಗುಲಿದ ತೋಟದಿಂದ ಒಂದು ಕಡ್ಡಿಯನ್ನೂ ತರಬೇಡಿ. ಐಬಿಎ ಬೇರು ಬರಿಸುತ್ತದೆಯೇ ಹೊರತು ರೋಗ ಕಳೆಯುವುದಿಲ್ಲ. ಸಸಿಯ ಜೊತೆ ಅಂಗಮಾರಿಯೂ ಹೊಸ ಹೊಲಕ್ಕೆ ಬರುತ್ತದೆ.