ಜೇನುವಿಷದಿಂದ ಪೆಪ್ಟೈಡ್‌ಗಳನ್ನು ಬೇರ್ಪಡಿಸುವುದು ಹೇಗೆ?

ಜೇನುನೊಣದ ವಿಷವನ್ನು ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ಒಂದೇ ಪೆಪ್ಟೈಡ್ ಇರುತ್ತದೆ. 26 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿ ಜೀವಕೋಶದ ಪೊರೆಯನ್ನು ತೂತು ಮಾಡುತ್ತದೆ; ಕುಟುಕಿದ ಜಾಗದ ಉರಿಗೆ ಮುಖ್ಯ ಕಾರಣವೂ ಇದೇ. 18 ಅಮೈನೋ ಆಮ್ಲಗಳ ಅಪಮಿನ್ ಮತ್ತು 22ರ ಎಂಸಿಡಿ (ಮಾಸ್ಟ್ ಸೆಲ್ ಡಿಗ್ರಾನ್ಯುಲೇಟಿಂಗ್) ಪೆಪ್ಟೈಡ್ ತೀರ ಕಡಿಮೆ ಪ್ರಮಾಣದಲ್ಲಿರುತ್ತವೆ. ಇವುಗಳ ಜತೆಗೆ ಶೇ 10–12ರಷ್ಟಿರುವ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ಪೂರ್ತಿಯಾಗಿ ತೊಲಗಿಸುವುದೇ ಈ ಕೆಲಸದ ನಿಜವಾದ ಕಷ್ಟ.

ವಿಷ ಸಂಗ್ರಹಿಸಲು ನೊಣಗಳನ್ನು ಕೊಲ್ಲಬೇಕಾಗಿಲ್ಲ. ಗಾಜಿನ ಹಲಗೆಯ ಮೇಲೆ ತೆಳುತಂತಿಗಳನ್ನು ಸಾಲಾಗಿ ಬಿಗಿದ ಚೌಕಟ್ಟನ್ನು ಜೇನುಪೆಟ್ಟಿಗೆಯ ಬಾಗಿಲಲ್ಲಿಟ್ಟು ದುರ್ಬಲ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿದರೆ, ತಂತಿ ತುಳಿದ ನೊಣ ಗಾಜನ್ನು ಕುಟುಕುತ್ತದೆ. ಮನುಷ್ಯನ ಚರ್ಮದಲ್ಲಿ ಸಿಕ್ಕಿಬೀಳುವಂತೆ ಕೊಂಡಿ ಇಲ್ಲಿ ಸಿಕ್ಕಿಬೀಳದ ಕಾರಣ ಸಾಮಾನ್ಯವಾಗಿ ನೊಣ ಬದುಕುಳಿಯುತ್ತದೆ. ಗಾಜಿನ ಮೇಲೆ ಒಣಗಿದ ವಿಷವನ್ನು ಬ್ಲೇಡಿನಿಂದ ಕೆರೆದು, ಬೆಳಕು ಮತ್ತು ತೇವ ತಾಗದಂತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕೆರೆಯುವಾಗ ಏಳುವ ಪುಡಿ ಉಸಿರಾಟ ಹಾಗೂ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಮುಖಗವಸು, ಕನ್ನಡಕ ಮತ್ತು ಕೈಗವಸು ಕಡ್ಡಾಯ. ಜೇನುವಿಷದ ಅಲರ್ಜಿ ಇರುವವರು ಈ ಕೆಲಸಕ್ಕೆ ಬರಲೇಬಾರದು. ನೊಣದ ಜಾತಿಯನ್ನು ಸೀಸೆಯ ಮೇಲೆಯೇ ಬರೆಯಿರಿ. ಯುರೋಪಿನ ಮೆಲ್ಲಿಫೆರಾ ನೊಣದ ಮೆಲಿಟಿನ್‌ಗೂ ನಮ್ಮ ಹೆಜ್ಜೇನಿನ ಮೆಲಿಟಿನ್‌ಗೂ ಕೆಲವು ಅಮೈನೋ ಆಮ್ಲಗಳು ಬೇರೆ ಇರುವುದರಿಂದ ತೂಕವೂ ಬೇರೆಯಾಗುತ್ತದೆ. ಇಲ್ಲಿ ಕೊಟ್ಟಿರುವ ಅಂಕಿಗಳು ಮೆಲ್ಲಿಫೆರಾಕ್ಕೆ ಸಂಬಂಧಿಸಿದವು.

ಪುಡಿಯನ್ನು ದುರ್ಬಲ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಿಳಿಯನ್ನು 0.45 ಮೈಕ್ರೊಮೀಟರ್ ಜರಡಿಯಲ್ಲಿ ಸೋಸಿದರೆ ಪರಾಗ ಮತ್ತು ಮೇಣದ ಕೊಳೆ ಹೋಗುತ್ತದೆ. ಮುಂದಿನದು ಸೂಕ್ಷ್ಮ ರಂಧ್ರಗಳ ಜೆಲ್ ಮಣಿಗಳನ್ನು ತುಂಬಿದ ಸೆಫಡೆಕ್ಸ್ ಜಿ-50 ಕಂಬ. ಇದರಲ್ಲಿ ದೊಡ್ಡ ಅಣುಗಳು ಮೊದಲು, ಚಿಕ್ಕವು ನಂತರ ಇಳಿಯುತ್ತವೆ. ಆದರೆ ಉಪ್ಪಿನಂಶ ಹೆಚ್ಚಿದ್ದರೆ ನಾಲ್ಕು ಮೆಲಿಟಿನ್ ಅಣುಗಳು ಒಂದನ್ನೊಂದು ತಬ್ಬಿಕೊಂಡು ಸುಮಾರು 11,400 ಡಾಲ್ಟನ್ (ಅಣುತೂಕದ ಮಾನ) ತೂಕದ ಗುಂಪಾಗುವುದರಿಂದ ಕಿಣ್ವದ ಬೆನ್ನಿಗೇ ಇಳಿದುಬಿಡುತ್ತವೆ. ಹೀಗಾಗಿ ಉಪ್ಪು ಕಡಿಮೆ ಇರುವ ಆಮ್ಲೀಯ ದ್ರಾವಣವನ್ನೇ ಬಳಸಬೇಕು.

ಪೆಪ್ಟೈಡ್ ಭಾಗವನ್ನು ಎಚ್‌ಪಿಎಲ್‌ಸಿ (ಹೆಚ್ಚು ಒತ್ತಡದಲ್ಲಿ ದ್ರವ ಹರಿಸಿ ಅಣುಗಳನ್ನು ಬೇರ್ಪಡಿಸುವ) ಯಂತ್ರದ, ಎಣ್ಣೆಗುಣದ ಅಣುಗಳನ್ನು ಹಿಡಿದಿಡುವ ಸಿ-18 ಕಂಬಕ್ಕೆ ಹಾಕಿ, ಶೇ 0.1ರಷ್ಟು ಟ್ರೈಫ್ಲೋರೊಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅಸಿಟೊನೈಟ್ರೈಲ್ ಎಂಬ ದ್ರಾವಕದ ಪ್ರಮಾಣವನ್ನು ನಿಧಾನವಾಗಿ ಏರಿಸಬೇಕು. ನೀರನ್ನು ಮೆಚ್ಚುವ ಅಪಮಿನ್ ಬೇಗ ಹೊರಬಂದರೆ, ಎಣ್ಣೆಗುಣದ ಮೆಲಿಟಿನ್ ತಡವಾಗಿ ಬರುತ್ತದೆ. ಪತ್ತೆಗೆ 214 ನ್ಯಾನೊಮೀಟರ್ ಬೆಳಕನ್ನು ಬಳಸಿ. ಅನೇಕರು ರೂಢಿಯಿಂದ 280ರಲ್ಲಿ ನೋಡುತ್ತಾರೆ. ಮೆಲಿಟಿನ್‌ನಲ್ಲಿ ಈ ಬೆಳಕನ್ನು ಹೀರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಒಂದು ಇರುವುದರಿಂದ ಅದು ಅಲ್ಲಿಯೂ ಕಾಣುತ್ತದೆ, ಆದರೆ ಟ್ರಿಪ್ಟೊಫಾನ್ ಆಗಲಿ ಟೈರೊಸಿನ್ ಆಗಲಿ ಇಲ್ಲದ ಅಪಮಿನ್ ಕಣ್ಣಿಗೇ ಬೀಳದೆ ಜಾರಿಹೋಗುತ್ತದೆ.

ಗುರುತು ಖಚಿತಪಡಿಸಲು ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಮೆಲಿಟಿನ್ ಸುಮಾರು 2,846 ಡಾಲ್ಟನ್, ಅಪಮಿನ್ ಸುಮಾರು 2,027. ಅಣುಗಳಿಗೆ ವಿದ್ಯುದಾವೇಶ ಕೊಡುವ ಎಲೆಕ್ಟ್ರೊಸ್ಪ್ರೇ ವಿಧಾನದಲ್ಲಿ ಯಂತ್ರ ತೂಕವನ್ನು ಆವೇಶದಿಂದ ಭಾಗಿಸಿ ತೋರಿಸುವುದರಿಂದ ಮೆಲಿಟಿನ್ ನಾಲ್ಕು ಧನಾವೇಶ ಹೊತ್ತಾಗ 712.6ರ ಬಳಿ, ಐದು ಹೊತ್ತಾಗ 570.3ರ ಬಳಿ ಕಾಣುತ್ತದೆ. ಅಪಮಿನ್‌ನ ಎರಡು ಡೈಸಲ್ಫೈಡ್ (ಗಂಧಕ-ಗಂಧಕ) ಬಂಧಗಳನ್ನು ಡಿಟಿಟಿ ಎಂಬ ರಾಸಾಯನಿಕದಿಂದ ಬಿಡಿಸಿ, ಅವು ಮತ್ತೆ ಕೂಡದಂತೆ ತಡೆಯುವ ಅಯೊಡೊಅಸಿಟಮೈಡ್ ಸೇರಿಸಿದರೆ ತೂಕ 232 ಡಾಲ್ಟನ್ ಏರಬೇಕು. ಏರದಿದ್ದರೆ ಕೈಯಲ್ಲಿರುವುದು ಬೇರೇನೋ ಎಂದರ್ಥ.

ತೂಕ ಸರಿಹೊಂದಿದರೂ ಮೆಲಿಟಿನ್ ಶುದ್ಧವೆಂದು ಘೋಷಿಸಬೇಡಿ. ಫಾಸ್ಫೊಲೈಪೇಸ್ ಎ2 ಲವಲೇಶ ಉಳಿದಿದ್ದರೂ ಅದು ಮೆಲಿಟಿನ್ ಜತೆಗೂಡಿ ಪೊರೆಯನ್ನು ಇನ್ನಷ್ಟು ಹಾಳುಗೆಡವುತ್ತದೆ, ಮತ್ತು ಕಿಣ್ವದ ಕೆಲಸ ಪೆಪ್ಟೈಡಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಮೊಟ್ಟೆಯ ಹಳದಿ ಬೆರೆಸಿದ ಎರಡು ಅಗರೋಸ್ ಜೆಲ್ ತಟ್ಟೆಗಳಲ್ಲಿ ಒಂದಕ್ಕೆ ಕ್ಯಾಲ್ಸಿಯಂ, ಇನ್ನೊಂದಕ್ಕೆ ಕ್ಯಾಲ್ಸಿಯಂ ಕಟ್ಟಿಹಾಕುವ ಇಡಿಟಿಎ ಸೇರಿಸಿ, ಎರಡರಲ್ಲೂ ಸಣ್ಣ ಕುಳಿ ಕೊರೆದು ಮಾದರಿಯನ್ನು ತುಂಬಿ ರಾತ್ರಿಯಿಡೀ ಬಿಡಿ. ಹಳದಿಯ ಕೊಬ್ಬನ್ನು ಒಡೆದು ತಿಳಿಯಾಗಿಸುವ ಈ ಕಿಣ್ವ ಕ್ಯಾಲ್ಸಿಯಂ ಇಲ್ಲದೆ ನಡೆಯದು. ಆದ್ದರಿಂದ ಮೊದಲ ತಟ್ಟೆಯಲ್ಲಿ ಮಾತ್ರ ತಿಳಿಯಾದ ವೃತ್ತ ಮೂಡಿದ್ದರೆ ಮಾದರಿಯನ್ನು ಮತ್ತೆ ಕಂಬಕ್ಕೆ ಹಾಕಿ.